ಮುಳ್ಳು, ಸೂಜಿ, ಕೈ

ಪೆನುಗೊಂಡೆಯ ಬಸ್‌ಸ್ಟ್ಯಾಂಡಿನ ಹಿಂದೆ
ಪಂಕ್ಚರ್ ಅಂಗಡಿಗೆ ಅಂಟಿಕೊಂಡ ಒಂದೇ ಕೋಣೆ.
ಬೋರ್ಡು ತೆಲುಗಿನಲ್ಲಿ, ಕೆಳಗೆ ಕೊರಿಯನ್ನಿನಲ್ಲಿ,
ಲೆಕ್ಕ ತಪ್ಪಿದಾಗಿನ ಬೈಗುಳ ಮಾತ್ರ
ನನ್ನ ಕನ್ನಡದಲ್ಲಿ.

ಸಂಜೆ ಏಳಕ್ಕೆ ಕಾರಿನ ಕಾರ್ಖಾನೆಯ ವ್ಯಾನು
ಮೂವರನ್ನು ಇಳಿಸಿ ಹೋಗುತ್ತದೆ:
ಪ್ರೆಸ್ ಶಾಪಿನ ಮಾ ಯಂಗ್-ಛಲ್,
ಮೆಸ್ಸಿನ ಅಡುಗೆಯ ತಕ್ ಸೂನ್-ಹೀ,
ಇನ್ನೊಬ್ಬ ಎಳೆಯ ಹುಡುಗ,
ಹೆಸರೇನು ಎಂದರೂ ಯೆಸ್ ಅನ್ನುವವನು.

ಇವತ್ತಿನ ಪದ, ಹ್ಯಾಂಡ್.
ಸುಲಭದ್ದೆಂದೇ ಆರಿಸಿದ್ದೆ.
ಕೈ ಎತ್ತಿ ತೋರಿಸಿದರೆ ಮುಗಿಯಿತಲ್ಲ!

ಮಾ ಕೂಡ ಎತ್ತಿದರು.
ಮೂರು ಬೆರಳು.
ಉಳಿದೆರಡು ಉಲ್ಸಾನಿನ ಯಾವುದೋ ಪ್ರೆಸ್ಸಿನಡಿ
ಇಪ್ಪತ್ತು ವರ್ಷದ ಹಿಂದೆಯೇ
ರಾಜೀನಾಮೆ ಕೊಟ್ಟಿದ್ದವು.

ಪೇಪರಿನ ಜಾಹೀರಾತು ಓದಿಸಿದೆ:
ಇನ್ನೂರು ಹ್ಯಾಂಡ್ಸ್ ಬೇಕಾಗಿದ್ದಾರೆ.
ಮಾ ಲೆಕ್ಕ ಹಾಕಿದರು, "ಟೀಚರ್, ನೂರು ಜನ?"
ಅಲ್ಲ ಸ್ವಾಮಿ, ಇನ್ನೂರೇ.
"ಇನ್ನೊಂದು ಕೈ?"
ಅದಕ್ಕೆ ಸಂಬಳವಿಲ್ಲ, ಅಂದೆ.
ಬರೆದುಕೊಂಡರು.

ಗೋಡೆಯ ಗಡಿಯಾರಕ್ಕೂ ಇಂಗ್ಲಿಷಿನಲ್ಲಿ ಕೈ ಇದೆ.
ಸೂನ್-ಹೀ ಒಪ್ಪಲಿಲ್ಲ.
ನಮ್ಮಲ್ಲಿ ಅದು ಪಾನುಲ್, ಎಂದು
ಸೆರಗಿಲ್ಲದ ಗಾಳಿಯಲ್ಲಿ ಹೊಲಿದು ತೋರಿಸಿದಳು, ಸೂಜಿ.
ನಮ್ಮಲ್ಲಿ ಮುಳ್ಳು, ಅಂದೆ.
ಇಬ್ಬರೂ ತುಸು ಹೊತ್ತು ಗಡಿಯಾರ ನೋಡಿದೆವು,
ಚುಚ್ಚುತ್ತದೆಂದು ಗೊತ್ತಿದ್ದವರ ಹಾಗೆ.
ಆ ಬಿಳಿಯರ ಗಡಿಯಾರ
ಯಾರನ್ನು ಸವರುತ್ತದೋ.

ಆಮೇಲೆ ಡಬ್ಬಿ ತೆಗೆದಳು.
ಹಿಂದೂಪುರದ ಸಂತೆಯ ಮೂಲಂಗಿ,
ಅವರ ದೇಶದ ಖಾರದಪುಡಿ ತೀರಿ
ನಮ್ಮ ಬ್ಯಾಡಗಿಯಲ್ಲಿ ಕೆಂಪಾದದ್ದು.
ಹೇಗಿದೆ ಎಂದು ಕೇಳಲಿಲ್ಲ, "ಸೊನ್‌ಮತ್" ಅಂದಳು.
ಸೊನ್ ಎಂದರೆ ಕೈ.
ಮತ್ ಎಂದರೆ? ನಾಲಿಗೆ ಚಪ್ಪರಿಸಿದಳು.
ಕೈರುಚಿ!
ಮಡಕಶಿರದ ಒಲೆಯ ಮುಂದೆ
ನನ್ನಜ್ಜಿ ಬಿಟ್ಟುಹೋದ ಮಾತು
ಯಾವ ಹಡಗಿನಲ್ಲಿ ಅಲ್ಲಿಗೆ ಹೋಯಿತು?
ಇಂಗ್ಲಿಷಿನಲ್ಲಿ ಏನಂತಾರೆ ಟೀಚರ್?
ಡಿಕ್ಷನರಿ ತಿರುವಿದೆ, ಫೋನು ತಡವಿದೆ,
ಕೊನೆಗೆ ನಾನೇ ಕೈಚೆಲ್ಲಿದೆ.
ಚಮಚದವರು ಪಾಪ.

ಉಳಿದದ್ದು ಒಂದೇ ವಾಕ್ಯ.
ಗಿವ್ ಮಿ ಎ ಹ್ಯಾಂಡ್.
ಚಾಕ್‌ಪೀಸು ಮುರಿಯಿತು.
ಸಹಾಯ ಮಾಡಿ, ಎಂದರ್ಥ, ಅಷ್ಟನ್ನೇ ಬರೆದೆ.
ಬರೆಯದೆ ಬಿಟ್ಟದ್ದು:
ನಮ್ಮಲ್ಲಿ ಕೈ ಹಿಡಿದವನು ಬೇರೆ, ಬಿಟ್ಟವನು ಬೇರೆ,
ಕೈ ಕೊಟ್ಟವನು ಬೇರೆಯೇ ಜಾತಿ.
ಬಾಡಿಗೆಯಲ್ಲಿ ಅರ್ಧ ನನ್ನದು ಎಂದ ಓಬಳೇಶ
ಮೂರು ತಿಂಗಳ ಫೀಸು ಗಲ್ಲಾದಿಂದ ಬಳಿದು
ಕದಿರಿಯ ಬಸ್ಸು ಹತ್ತಿದ ದಿನ
ಓನರಮ್ಮ ತೆಲುಗಿನಲ್ಲೂ ಅದನ್ನೇ ಅಂದಿದ್ದಳು,
"ಚೆಯ್ಯಿಚ್ಚಾಡಮ್ಮಾ."
ಎರಡು ಭಾಷೆ ಒಟ್ಟಿಗೆ ಬಡಿದವು ಆವತ್ತು.

ಒಂಬತ್ತಕ್ಕೆ ವ್ಯಾನು ಹಾರ್ನ್ ಹೊಡೆಯಿತು.
ಶಟರಿಗೆ ತುಕ್ಕು,
ನನ್ನೊಬ್ಬಳ ಕೈಲಾಗುವ ಕೆಲಸವಲ್ಲ,
ಓಬಳೇಶ ಇದ್ದಾಗ ಆಗುತ್ತಿತ್ತು, ಅದೂ ನಿಜ.
ಎರಡು ಮೆಟ್ಟಿಲು ಇಳಿದಿದ್ದ ಮಾ
ತಿರುಗಿ ಬಂದರು.
ಲೈನಿನ ಪಾವಗಡದ ಹುಡುಗರಿಂದ ಹೆಕ್ಕಿಕೊಂಡ ಕನ್ನಡದಲ್ಲಿ,
ಒಂದೊಂದೇ ಪದ ಬೋಲ್ಟು ತಿರುಗಿಸಿದ ಹಾಗೆ,
"ಟೀಚರ್... ಕೈ... ಕೊಡ್ಲಾ?"

ತಿದ್ದಬೇಕಿತ್ತು.
ಫೀಸು ತೆಗೆದುಕೊಳ್ಳುವುದೇ ತಿದ್ದುವುದಕ್ಕೆ.
ನಗು ನುಂಗಿ, ಯಾಕೋ ಗಂಟಲು ಕಟ್ಟಿ,
ಕೊಡಿ, ಅಂದೆ.

ನನ್ನ ಹತ್ತು, ಅವರ ಎಂಟು,
ಕಿರುಚುತ್ತಾ ಇಳಿಯಿತು ಶಟರು,
ನೆಲಕ್ಕೆ ಒಂದು ಗೇಣು ಇರುವಾಗ ನಿಂತಿತು.
ಕಾಲಲ್ಲಿ ಒದ್ದೆ, ಮುಚ್ಚಿಕೊಂಡಿತು.

"ಅದು?" ಎಂದರು ಮಾ, ಚೀಟಿ ತೆಗೆಯುತ್ತ.
ಕಾಲಿನ ಪಾಠ ಗುರುವಾರ.